ಸ್ಟಿಕ್ಕು ಕಿತ್ತು ಬಟನ್ ಹಾಕಿದ್ದು

ನನ್ನ ಗಂಡ ಇಪ್ಪತ್ತು ವರ್ಷ ಖಾಸಗಿ ಬಸ್ಸು ಓಡಿಸಿದರು. ತರೀಕೆರೆಯಿಂದ ಅಜ್ಜಂಪುರ, ಅಲ್ಲಿಂದ ಶಿವನಿ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಇಷ್ಟು ವರ್ಷದಲ್ಲಿ ಒಂದು ನಾಯಿಗೂ ಬಸ್ಸು ತಾಗಿಸಿದವರಲ್ಲ. ಅಂಥವರು ನಿಂತ ಬಸ್ಸಿನಿಂದ ಬಿದ್ದರು. ಅಜ್ಜಂಪುರದ ಸ್ಟ್ಯಾಂಡಿನಲ್ಲಿ ಯಾರದೋ ಈರುಳ್ಳಿ ಚೀಲ ಟಾಪಿಗೆ ಏರಿಸಲು ಕಂಡಕ್ಟರಿಗೆ ಕೈಜೋಡಿಸುತ್ತೇನೆಂದು ಹಿಂದಿನ ಏಣಿ ಹತ್ತಿ, ಕಾಲು ಜಾರಿ, ಎಡಗೈ ಊರಿಕೊಂಡು ಬಿದ್ದರು. ಮಣಿಕಟ್ಟು ಎರಡು ಕಡೆ ಮುರಿಯಿತು. ಡ್ರೈವರಿಗೆ ಏಣಿ ಹತ್ತುವ ಕೆಲಸ ಯಾರು ಹೇಳಿದ್ದರು ಎಂದು ನಾನು ಆಸ್ಪತ್ರೆಯಲ್ಲೇ ಜಗಳ ತೆಗೆದೆ. ಹೆದರಿಕೆಯಾದಾಗ ನನಗೆ ಬರುವುದು ಅಳುವಲ್ಲ, ಬೈಗುಳ.

ನನ್ನದು ತರೀಕೆರೆಯಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನು ರಿಪೇರಿ ಮಾಡುವ ಅಂಗಡಿ. ಅಪ್ಪನಿಂದ ಬಂದದ್ದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹಲಗೆಯ ಗೋಡೆ. ಅಪ್ಪನ ಕಾಲದಲ್ಲಿ ಕಡೂರು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಬೀರುವಿನಷ್ಟು ಎತ್ತರದ ಮಿಷನ್ನುಗಳು, ಎದುರಿಗೆ ಟಿವಿ, ಎಡಗೈಗೆ ಗುಂಡು ತಲೆಯ ಸ್ಟಿಕ್ಕು, ಬಲಗೈಗೆ ಆರು ಬಟನ್ನು. ಕೆಟ್ಟರೆ ಅಪ್ಪನ ಹತ್ತಿರ ಬರುತ್ತಿದ್ದವು. ಹೆಣ್ಣುಮಕ್ಕಳು ಆ ಗೇಮ್ ಅಂಗಡಿಯೊಳಗೆ ಕಾಲಿಡುವಂತಿರಲಿಲ್ಲ. ನನಗೇನು, ಮಿಷನ್ನೇ ನಮ್ಮ ಮನೆಗೆ ಬರುತ್ತಿತ್ತು. ರಿಪೇರಿ ಆಯಿತೋ ಇಲ್ಲವೋ ನೋಡುತ್ತೇನೆ ಎನ್ನುವ ನೆಪದಲ್ಲಿ ಮನಸಾರೆ ಆಡುತ್ತಿದ್ದೆ. ಅದನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಬರುತ್ತಿದ್ದವರು ಇವರು. "ಇಬ್ರು ಆಡ್ದೆ ಹೆಂಗ್ ಗೊತ್ತಾಗುತ್ತೆ ಸಾರ್ ಸರಿಹೋಯ್ತು ಅಂತ?" ಎಂದು ಅಪ್ಪನಿಗೇ ಪಾಠ ಹೇಳಿ ನನ್ನ ಪಕ್ಕದಲ್ಲಿ ಬಂದು ನಿಂತರು. ಹೊಡೆದಾಟದ ಆಟ ಅದು. ಸತತ ಒಂಬತ್ತು ಸಲ ನನ್ನನ್ನು ನೆಲಕ್ಕೆ ಕೆಡವಿದರು. ದಾಕ್ಷಿಣ್ಯಕ್ಕೂ ಒಂದು ಸಲ ಬಿಟ್ಟುಕೊಡಲಿಲ್ಲ. ಆ ಸೇಡು ತೀರಿಸಿಕೊಳ್ಳಲು ಮದುವೆಯಾದೆ ಎಂದು ನಾನು ಈಗಲೂ ಹೇಳುತ್ತೇನೆ.

ಆ ಗೇಮ್ ಅಂಗಡಿ ಮುಚ್ಚಿದಾಗ ಒಂದು ಮಿಷನ್ನು ಗುಜರಿಗೆ ಹೋಗುವುದರಲ್ಲಿತ್ತು. ಅದರ ಸ್ಟಿಕ್ಕನ್ನೂ ಬಟನ್ನುಗಳನ್ನೂ ಕಿತ್ತು, ಪ್ಲೈವುಡ್ಡಿನ ಪೆಟ್ಟಿಗೆಗೆ ಕೂರಿಸಿ, ತೊಡೆಯ ಮೇಲೆ ಇಟ್ಟುಕೊಂಡು ಆಡುವ ಹಾಗೆ ಮಾಡಿಕೊಂಡೆವು. ಮುಂದೆ ಒಳಗಿನ ಬೋರ್ಡು ಬದಲಾಯಿಸಿ ಈಗಿನ ಗೇಮುಗಳಿಗೂ ಹೊಂದಿಸಿದೆ. ನನಗೊಂದು ಪೆಟ್ಟಿಗೆ, ಅವರಿಗೊಂದು. ನಮಗೆ ಮಕ್ಕಳಿಲ್ಲ. ಅವರು ಸಂಜೆ ಕೊನೆಯ ಟ್ರಿಪ್ಪು ಮುಗಿಸಿ ಬಂದು ಕೈಕಾಲು ತೊಳೆದರೆ, ಒಲೆಯ ಮೇಲೆ ಅನ್ನ ಬೇಯುವಷ್ಟು ಹೊತ್ತು ನಮ್ಮಿಬ್ಬರ ಹೊಡೆದಾಟ. ನಲವತ್ತು ದಾಟಿದ ಗಂಡ ಹೆಂಡತಿ ಹೀಗೆ ಕೂಗಾಡಿಕೊಂಡು ಆಡುವುದನ್ನು ನೋಡಿ ಪಕ್ಕದ ಮನೆಯವರು ನಾವು ಸ್ವಲ್ಪ ಲೂಸು ಎಂದು ತೀರ್ಮಾನಿಸಿದ್ದರು. ನಾನೂ ಇಲ್ಲವೆನ್ನಲು ಹೋಗಲಿಲ್ಲ.

ಮುರಿದ ಕೈಗೆ ಪ್ಲೇಟು ಹಾಕಿದರು. ಬ್ಯಾಂಡೇಜು ಬಿಚ್ಚಿದಾಗ ಮಣಿಕಟ್ಟು ಕಿರುಬೆರಳಿನ ಕಡೆಗೆ ವಾಲಿಕೊಂಡು ಹಾಗೇ ಬಿಗಿದಿತ್ತು. ಉಂಗುರ ಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಕಡೂರಿನ ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಖಚಿತವಾಗಿ ಒಂದು ಮಾತು ಹೇಳುವವರಲ್ಲ. "ತಿರುಗಬಹುದು, ತಿರುಗದೇನೂ ಇರಬಹುದು. ವ್ಯಾಯಾಮ ಬಿಡಬೇಡಿ, ಒಂದು ವರ್ಷ ಕಾದು ನೋಡೋಣ" ಎಂದರು. ಬಸ್ಸಿನ ಗೇರು ಇರುವುದು ಎಡಗೈಗೆ. ಮಣಿಕಟ್ಟು ತಿರುಗದೆ ಗೇರು ಬೀಳುವುದಿಲ್ಲ. ಬಸ್ಸಿನ ಮಾಲೀಕರು, "ನೀವು ಬರೋವರ್ಗೂ ಬದ್ಲಿ ಡ್ರೈವರ್ ಇರ್ತಾನೆ, ಆ ಬಸ್ಸು ನಿಮ್ದೇ ಕಣ್ರೀ" ಎಂದು ಮನೆಗೆ ಬಂದು ಹೇಳಿ ಹೋದರು. ಅಲ್ಲಿಯವರೆಗೆ ಬೇಕಿದ್ದರೆ ತರೀಕೆರೆ ಸ್ಟ್ಯಾಂಡಿನಲ್ಲಿ ಬಸ್ಸುಗಳು ಬಂದುಹೋಗುವ ಟೈಮ್ ಬರೆದುಕೊಳ್ಳುವ ಕೆಲಸ ಇದೆ ಎಂದರು. ಇವರು ಒಪ್ಪಲಿಲ್ಲ. ಓಡಿಸಿದರೆ ಬಸ್ಸು, ಇಲ್ಲದಿದ್ದರೆ ಮನೆ.

ಸಂಜೆಯ ಆಟ ಮಾತ್ರ ನಡೆಯಿತು. ಆದರೆ ಅದನ್ನು ಆಟ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಇಂಥ ಆಟದಲ್ಲಿ ಒಂದೊಂದು ದೊಡ್ಡ ಏಟಿಗೂ ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ಸರ್ರನೆ ತಿರುಗಿಸಬೇಕು. ಅವರ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ಬೇಕೆಂದೇ ಏಟು ತಿಂದೆ. ಅದು ಅವರಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಸಂಜೆ ಪೆಟ್ಟಿಗೆ ಪಕ್ಕಕ್ಕಿಟ್ಟು, "ಸುಮ್ನೆ ನಿಂತಿರೋಳಿಗ್ ಹೊಡ್ಯೋದು ಬೇಜಾರು ಕಣೇ" ಎಂದು ಎದ್ದುಹೋದರು. ಆಮೇಲೆ ಸಂಜೆಯ ಆಟವೂ ನಿಂತಿತು.

ಅದಾದ ಮೇಲೆ ಮಧ್ಯಾಹ್ನಗಳಲ್ಲಿ ನನಗೊಂದು ಸದ್ದು ಕೇಳತೊಡಗಿತು. ನಾನು ಅಂಗಡಿಯಲ್ಲಿ, ಅವರು ಒಳಗೆ. ಟಿವಿಯ ಸದ್ದಿಲ್ಲ, ಆಟದ ಸಂಗೀತವಿಲ್ಲ, ಸ್ಟಿಕ್ಕಿನ ಕೆಳಗಿನ ಸ್ವಿಚ್ಚುಗಳ ಸದ್ದು ಮಾತ್ರ. ಟಕ್ ಎನ್ನುವುದು, ತುಸು ತಡೆದು ಮತ್ತೆ ಟಕ್. ಹೀಗೇ ಗಂಟೆಗಟ್ಟಲೆ. ನಾಚಿಕೊಂಡು, ಟಿವಿ ಕೂಡ ಹಾಕದೆ, ನನಗೆ ತಿಳಿಯದ ಹಾಗೆ ಆಟ ಅಭ್ಯಾಸ ಮಾಡುತ್ತಿದ್ದಾರೆ, ಬರುತ್ತಿಲ್ಲ ಎಂದುಕೊಂಡೆ. ಒಂದು ಸಲ ಎದ್ದು ಬಾಗಿಲವರೆಗೆ ಹೋದೆ. ಇಣುಕಿದರೆ ಅವರಿಗೆ ಅವಮಾನವಾಗುತ್ತದೆಂದು ಹಾಗೇ ಬಂದು ಕೂತೆ. ಎಲ್ಲದಕ್ಕೂ ಮೂಗು ತೂರಿಸುವ ನಾನು, ತೂರಿಸಬೇಕಾದ ಒಂದೇ ಒಂದು ಸಲ ದೊಡ್ಡ ಮರ್ಯಾದಸ್ಥೆಯಾದೆ.

ಸ್ಟಿಕ್ಕಿಲ್ಲದೆ ಬರೀ ಬಟನ್ನುಗಳಲ್ಲೇ ಆಡುವ ಪೆಟ್ಟಿಗೆಗಳು ಈಚೆಗೆ ಬಂದಿವೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಕೆಲಸ ಕಷ್ಟದ್ದಲ್ಲ. ಸ್ಟಿಕ್ಕಿನ ಬುಡದಲ್ಲಿ ಇರುವುದೇ ನಾಲ್ಕು ಸ್ವಿಚ್ಚು, ಒಂದೊಂದು ದಿಕ್ಕಿಗೆ ಒಂದೊಂದು. ಸ್ಟಿಕ್ಕು ಕಿತ್ತು, ಆ ನಾಲ್ಕು ತಂತಿಗಳನ್ನು ನಾಲ್ಕು ಬಟನ್ನುಗಳಿಗೆ ಕೊಟ್ಟರೆ ಆಯಿತು. ಎಡಗೈಯ ಮೂರು ಬೆರಳಿಗೆ ಹಿಂದೆ, ಕೆಳಗೆ, ಮುಂದೆ. ಹೆಬ್ಬೆರಳಿಗೆ ಮೇಲೆ, ಅಂದರೆ ಎಗರುವ ಬಟನ್ನು. ಮಣಿಕಟ್ಟು ತಿರುಗಿಸುವ ಮಾತೇ ಇಲ್ಲ, ಬೆರಳು ಅಲ್ಲಾಡಿದರೆ ಸಾಕು. ಇದು ಹೊಳೆದ ದಿನ ನನಗೆ ಎಂಥ ಖುಷಿ! ರಿಪೇರಿಯವರ ರೋಗ ಇದೇ. ಕೆಟ್ಟದ್ದೇನು ಎಂದು ಕೇಳುವ ಮೊದಲೇ ಸ್ಕ್ರೂ ಡ್ರೈವರ್ ಕೈಗೆ ಬಂದಿರುತ್ತದೆ.

ಅವರಿಗೆ ಹೇಳದೆ ಮಾಡಬೇಕೆಂದು ಹಟ. ಊಟವಾಗಿ ಮಲಗಿದ್ದಾಗ ಎಡಗೈಯ ಕೆಳಗೆ ನ್ಯೂಸ್ ಪೇಪರ್ ಸರಿಸಿ, ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದೆ. ಮಣಿಕಟ್ಟು ಎಷ್ಟು ವಾಲಿದೆಯೋ ಅಷ್ಟು ವಾಲಿಸಿ ಬರೆದೆ. ಉಂಗುರ ಬೆರಳು ಎಲ್ಲಿ ಮಡಚಿದೆಯೋ ಅಲ್ಲೇ ಗುರುತು ಹಾಕಿದೆ. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಗಳು ಯಾರದೋ ಸರಿಯಾದ ಕೈಗೆ ಮಾಡಿದವು, ಇದು ನನ್ನ ಗಂಡನ ಕೈಗೇ ಮಾಡಿದ್ದು ಎಂದು ಒಳಗೊಳಗೇ ಬೀಗಿದೆ. ಅವರು ತಮ್ಮನ ಮನೆಗೆಂದು ಅಮೃತಾಪುರಕ್ಕೆ ಹೋಗಿ ಎರಡು ದಿನ ಉಳಿದಾಗ ಅವರ ಪೆಟ್ಟಿಗೆಯ ಮೇಲಿನ ಹಲಗೆ ತೆಗೆದಿಟ್ಟು ಹೊಸ ಪ್ಲೈವುಡ್ಡಿಗೆ ತೂತು ಕೊರೆದೆ, ಅಂಚು ಉಜ್ಜಿದೆ, ಸ್ಟಿಕ್ಕು ಬಿಚ್ಚಿ ಡಬ್ಬಕ್ಕೆ ಹಾಕಿದೆ. ಹಿಂದೆ, ಮುಂದೆ ಎರಡೂ ಬಟನ್ನು ಒಟ್ಟಿಗೆ ಒತ್ತಿದರೆ ಆಟ ಗಲಿಬಿಲಿಯಾಗುತ್ತದೆ. ಸ್ಟಿಕ್ಕಿನಲ್ಲಿ ಈ ತೊಂದರೆಯಿಲ್ಲ, ಅದು ಒಂದು ಹೊತ್ತಿಗೆ ಒಂದೇ ಕಡೆ ವಾಲುತ್ತದೆ. ಎರಡೂ ಒತ್ತಿದರೆ ಯಾವುದೂ ಬೇಡ ಎನ್ನುವ ಹಾಗೆ ಬೋರ್ಡಿಗೆ ಹೇಳಿಕೊಟ್ಟೆ. ಒಂದು ಬೆಸುಗೆಯೂ ಬಿಟ್ಟುಕೊಳ್ಳದ ಹಾಗೆ ಮಾಡಿದೆ. ನನ್ನ ಜನ್ಮದಲ್ಲಿ ಅಷ್ಟು ನೀಟಾಗಿ ಇನ್ನಾವ ಕೆಲಸವನ್ನೂ ಮಾಡಿಲ್ಲ.

ಅವರು ಬಂದ ಕೂಡಲೇ, ಕಾಫಿಗೂ ಮೊದಲು, ಪೆಟ್ಟಿಗೆಯನ್ನು ಅವರ ತೊಡೆಯ ಮೇಲಿಟ್ಟೆ. ತುಂಬಾ ಹೊತ್ತು ನೋಡಿದರು. ನಿಧಾನವಾಗಿ ಎಡಗೈ ಮೇಲಿಟ್ಟರು. ನಾಲ್ಕು ಬೆರಳೂ ನಾಲ್ಕು ಬಟನ್ನಿನ ಮೇಲೆ ತಾವಾಗಿಯೇ ಹೋಗಿ ಕೂತವು. ಉಂಗುರ ಬೆರಳು ಮಡಚಿದ ಹಾಗೇ ತನ್ನ ಜಾಗದಲ್ಲಿ ಕೂತಿತು.

"ಸ್ಟಿಕ್ಕು?" ಎಂದರು.

"ಅದ್ಯಾಕ್ರೀ ಇನ್ನು? ತೆಗ್ದೇಬಿಟ್ಟೆ" ಎಂದೆ, ದೊಡ್ಡ ಉಪಕಾರ ಮಾಡಿದವಳಂತೆ.

"ಕೈ ಹೆಂಗೈತೋ ಹಂಗೇ ಮಾಡಿದೀಯ" ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಅಷ್ಟೇ ಅಲ್ಲ, ಇನ್ನೊಂದು ಸಲ ಹೇಳಲಿ ಎಂದು ಕಾದೆ.

ವಾರದೊಳಗೆ ಅವರಿಗೆ ಬಟನ್ನು ಕೈಗೆ ಹತ್ತಿತು. ಎರಡನೆಯ ವಾರ ನನ್ನನ್ನು ಹಳೆಯ ಕಾಲದಂತೆ ಕೆಡವಿದರು. ನಾನು ಸೋತು ಕುಣಿದಾಡಿದೆ. ಅವರೂ ನಕ್ಕರು. ಮಧ್ಯಾಹ್ನದ ಸದ್ದು ನಿಂತಿತ್ತು, ಇನ್ನು ನಾಚಿಕೆಯಿಲ್ಲವಲ್ಲ, ಅದಕ್ಕೇ ಎಂದುಕೊಂಡೆ. ಆ ವಾರದ ಕೊನೆಗೆ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, "ಮಾಲೀಕ್ರಿಗ್ ಹೇಳ್ಬಂದೆ ಕಣೇ. ಬಸ್ಸು ಆ ಬದ್ಲಿ ಹುಡುಗನ್ಗೇ ಕೊಡ್ಲಿ. ನಾನ್ ಸ್ಟ್ಯಾಂಡಲ್ಲಿ ಟೈಮ್ ಬರ್ಕೋತೀನಿ" ಎಂದರು. ನನಗೆ ಆಶ್ಚರ್ಯವಾಯಿತು. ಸುಳ್ಳೇಕೆ, ಸಮಾಧಾನವೂ ಆಯಿತು. ನೆರಳಲ್ಲಿ ಕೂತು ಮಾಡುವ ಕೆಲಸ, ಹೊತ್ತಿಗೆ ಸರಿಯಾಗಿ ಊಟ. ಒಳ್ಳೆಯದೇ ಆಯಿತು ಬಿಡಿ ಎಂದೆ. ಆ ಮಾತು ಆಡಿದ ಬಾಯಿಗೆ ಈಗ ಏನು ಮಾಡಲಿ?

ಅದಾಗಿ ಕೆಲವು ದಿನಕ್ಕೆ ಕಡೂರಿನ ಡಾಕ್ಟರಿಗೆ ಕೈ ತೋರಿಸುವ ದಿನ ಬಂತು. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಹಿಡಿದು ಮಣಿಕಟ್ಟನ್ನು ಆ ಕಡೆ ಈ ಕಡೆ ಬಾಗಿಸಿದರು. ಹಳೆಯ ಚೀಟಿ ನೋಡಿದರು, ಮತ್ತೆ ಅಳೆದರು.

"ಪರವಾಗಿಲ್ವೇ, ಹೋದ ಸಲಕ್ಕಿಂತ ಬಿಗಿ ಚೆನ್ನಾಗಿ ಬಿಟ್ಟಿದೆ. ನಾನು ಹೇಳಿಕೊಟ್ಟ ವ್ಯಾಯಾಮಕ್ಕೆ ಇಷ್ಟು ಬರಲ್ಲ. ಬೇರೆ ಏನು ಮಾಡ್ತಿದ್ರಿ?"

ಇವರು ನನ್ನ ಕಡೆ ನೋಡಲಿಲ್ಲ. ಮೇಜಿನ ಕಡೆ ನೋಡುತ್ತಾ ಹೇಳಿದರು. "ಮನೇಲಿ ಒಂದು ಗೇಮಿನ್ ಸ್ಟಿಕ್ಕಿತ್ತು ಸಾರ್. ಕೆಳಗೆ ಚೌಕದ ತೂತಿನ ತಗಡಿರುತ್ತೆ, ಸ್ಟಿಕ್ಕು ಮೂಲೆ ಮೂಲೆಗೂ ಹೋಗಿ ಕೂರುತ್ತೆ, ಥೇಟ್ ಗೇರ್ ಇದ್ದಂಗೆ. ಎಡಗಡೆ ಮೇಲ್ಗಡೆ ಮೂಲೆ ಫಸ್ಟು, ಕೆಳಗ್ ಎಳುದ್ರೆ ಸೆಕೆಂಡು, ನಡೂಕ್ ತಂದು ಮೇಲ್ ತಳ್ಳಿದ್ರೆ ಥರ್ಡು. ದಿನಾ ಮಧ್ಯಾಹ್ನ ಕಣ್ಮುಚ್ಕೊಂಡು ತರೀಕೆರೆಯಿಂದ ಶಿವನೀಗ್ ಹೋಗಿ ಬತ್ತಿದ್ದೆ. ಯಾವ್ ತಿರುವಲ್ಲಿ ಯಾವ್ ಗೇರೋ ಅದನ್ನೇ ಹಾಕ್ತಾ. ಮೊದ್ಲು ಸೆಕೆಂಡೇ ಬೀಳ್ತಿರ್ಲಿಲ್ಲ. ಆಮೇಲ್ ಆಮೇಲೆ ನಾಕನೇ ಗೇರ್‌ವರ್ಗೂ ಬಂದಿದ್ದೆ."

"ಭೇಷ್! ಅದನ್ನೇ ಮುಂದುವರಿಸಿ" ಎಂದರು ಡಾಕ್ಟರು.

"ಹೂಂ ಸಾರ್" ಎಂದರು ಇವರು.

ಆ ಟಕ್, ತುಸು ತಡೆ, ಮತ್ತೆ ಟಕ್. ಆ ತಡೆಯಲ್ಲಿ ಅವರು ಕ್ಲಚ್ಚು ತುಳಿಯುತ್ತಿದ್ದರು. ಇಪ್ಪತ್ತು ವರ್ಷ ಬಸ್ ಡ್ರೈವರನ ಹೆಂಡತಿ ನಾನು. ಮಿಕ್ಸಿಯ ಸದ್ದು ಕೇಳಿ ಯಾವ ಬುಷ್ ಸವೆದಿದೆ ಎಂದು ಹೇಳುವವಳು. ಒಂದು ಹಲಗೆಯಾಚೆ ನನ್ನ ಗಂಡ ಬಸ್ಸು ಓಡಿಸುತ್ತಿದ್ದದ್ದು ನನಗೆ ತಿಳಿಯಲಿಲ್ಲ.

ಕಡೂರಿನಲ್ಲಿ ವಾಪಸ್ ಬಸ್ಸು ಹತ್ತಿದೆವು. ಬೀರೂರಿನಲ್ಲಿ ಅವರು ಇಳಿದು ಸೌತೆಕಾಯಿ ತಂದು ಕೊಟ್ಟರು. ಕೈಯಲ್ಲೇ ಹಿಡಿದುಕೊಂಡು ಕೂತೆ. ಮನೆಗೆ ಬಂದವಳೇ ಸೀರೆ ಕೂಡ ಬದಲಾಯಿಸದೆ ಡಬ್ಬದಿಂದ ಸ್ಟಿಕ್ಕು ತೆಗೆದು, ಹಳೆಯ ಹಲಗೆ ಹುಡುಕಿ, ಬಟನ್ನಿನ ತಂತಿಗಳನ್ನೆಲ್ಲ ಕಿತ್ತು ಮತ್ತೆ ಬೆಸೆದೆ. ಅವಸರಕ್ಕೆ ಎರಡು ಸಲ ಬೆರಳು ಸುಟ್ಟುಕೊಂಡೆ. ಸಂಜೆಗೆ ಮುಂಚೆ ಪೆಟ್ಟಿಗೆ ಮೊದಲಿದ್ದ ಹಾಗೆ ಆಯಿತು. ತಂದು ಅವರ ಮುಂದಿಟ್ಟೆ.

ಗುಂಡು ತಲೆಯನ್ನು ಒಂದು ಸಲ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು. "ಬ್ಯಾಡ ಕಣೇ. ಬಟನ್ನೇ ಹಾಕ್ಬಿಡು. ಅಭ್ಯಾಸ ಆಗೋಯ್ತು."

"ಡಾಕ್ಟ್ರು ಹೇಳಿದ್ ಕೇಳಿಸ್ಲಿಲ್ವಾ? ಇನ್ನೊಂದ್ನಾಕ್ ತಿಂಗ್ಳು ಮಾಡಿ. ಮಾಲೀಕ್ರ ಹತ್ರ ನಾನ್ ಮಾತಾಡ್ತೀನಿ."

"ಆ ಹುಡುಗ ಆಗ್ಲೇ ಅಜ್ಜಂಪುರದಲ್ಲಿ ಮನೆ ಮಾಡವ್ನೆ. ಅವನ್ ಕೈಯಿಂದ ಕಿತ್ಕಳ್ಳಾ?"

ಆಗ ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಆದರೆ ಎದುರಿಗೆ ಇದ್ದವರು ಅವರೇ. "ಆವತ್ತೇ ಬಾಯ್ ಬಿಟ್ಟು ಹೇಳೋಕೇನಾಗಿತ್ರೀ ನಿಮ್ಗೆ? ಲೇ, ಸ್ಟಿಕ್ಕು ವಾಪಸ್ ಹಾಕು ಅಂದಿದ್ರೆ ಅವತ್ತೇ ಹಾಕ್ತಿರ್ಲಿಲ್ವಾ?" ಎಂದು ಕೂಗಿದೆ.

ಅವರು ಕೂಗಲಿಲ್ಲ. ಆಟದಲ್ಲಿ ಬಿಟ್ಟರೆ ಅವರಿಗೆ ಕೂಗುವುದು ಬರುವುದಿಲ್ಲ.

"ನನ್ ಕೈನ ನನಗಿಂತ ಚೆನ್ನಾಗ್ ನೋಡಿರೋಳು ನೀನು. ಬ್ಯಾಂಡೇಜ್ ಬಿಚ್ಚಿದ್ದು ನೀನು, ದಿನಾ ಎಣ್ಣೆ ತಿಕ್ಕಿದ್ದು ನೀನು. ಬೆರಳು ಮಡಚಿದ್ ಕಡೆ ಮಡಚ್ದಂಗೇ ಬಟನ್ ಇಟ್ಟಿದ್ದೆ ನೀನು. ಡಾಕ್ಟ್ರಿಗ್ ಗೊತ್ತಿಲ್ದೆ ಇರ್ಬೋದು, ಇವಳ್ಗೆ ಗೊತ್ತು, ಇದಿನ್ನು ಹಿಂಗೇ ಅಂದ್ಕೊಂಡೆ. ನೀನೇ ಆಗಲ್ಲ ಅಂದ್ಮೇಲೆ ಇನ್ನೇನು."

ನಾನು ಆಗಲ್ಲ ಎಂದಿರಲೇ ಇಲ್ಲ. ಬಾಯಲ್ಲಿ ಅಂದಿರಲಿಲ್ಲ, ಅಷ್ಟೇ.