ಜತ್ತಿನಿಂದ ಬರುವ ಹಿಡಿ ಜೋಳ

"ಲಾಭ... ಎರಡು... ಮೂರು..."

ಶುಭವೆಂದು 'ಒಂದು' ಎನ್ನುವ ಬದಲು 'ಲಾಭ' ಎನ್ನುತ್ತ ಟಿಕೋಟಾದಲ್ಲಿ ಜೋಳ ಅಳೆಯುವ ಮಲಕಾಜಪ್ಪನ ದನಿ ಒಂದು ಕಾಲಕ್ಕೆ ಜೋಳದ ವ್ಯಾಪಾರಿ ಶಿವಯೋಗೆಪ್ಪನ ಮನೆಯೊಳಗೂ ಕೇಳುತ್ತಿತ್ತು. ೧೯೪೦ರಲ್ಲಿ ಯುದ್ಧಕ್ಕೆಂದು ಇನ್‌ಕಮ್ ಟ್ಯಾಕ್ಸ್ ಏರಿದಾಗ ಶಿವಯೋಗೆಪ್ಪ ಅಂಗಡಿ ಮುಚ್ಚಿದ. ಗಡಿಯಾಚೆಯ ಜತ್ತ ಸಂಸ್ಥಾನದಲ್ಲಿ ತೆರಿಗೆ ಹಗುರವೆಂದು ಕೇಳಿ ಅಲ್ಲಿಗೆ ಹೋದ. ಆದರೂ ಚೀಲಕ್ಕೊಂದು ಹಿಡಿಯಂತೆ ಮಠಕ್ಕೆ ತೆಗೆದಿಡುವ ಜೋಳವನ್ನು ಸೋಮವಾರಕ್ಕೊಮ್ಮೆ ರುಮಾಲಿನಲ್ಲಿ ಕಟ್ಟಿ ತಂದು ಟಿಕೋಟಾದಲ್ಲಿ ಮಲಕಾಜಪ್ಪನ ಪಕ್ಕದಲ್ಲಿರುವ ಮಠದ ಬುಟ್ಟಿಗೇ ಸುರಿಯುತ್ತಿದ್ದ.

"ಬರ್ರಿ ಸಾವಕಾರ್ರ! ಸರಕಾರದ ಕೈಯಾಗಿಂದ ತಪ್ಪಿಸಿಕೊಂಡ್ರಿ, ಈ ಬುಟ್ಟಿ ನಿಮ್ಮನ್ನ ಬಿಡವಲ್ದು," ಒಂದು ಸೋಮವಾರ ಮಲಕಾಜಪ್ಪ ನಕ್ಕ.

"ಬುಟ್ಟಿ ಕೇಳೂದಿಲ್ಲಲೇ, ನಾನಽ ಹಾಕತೇನಿ. ಗೌಡರ ನೂರು ಎಕರೆ ಬೆಳಿಗೆ ಆ ಟ್ಯಾಕ್ಸ್ ಇಲ್ಲ, ನನ್ನ ಅಂಗಡಿಗೆ ಐತಿ. ಇದ್ಯಾವ ನ್ಯಾಯ?"

"ಗೌಡ್ರು ಹೊಲದ ಪಟ್ಟಿ ಕಟ್ಟೂದಿಲ್ಲೇನ್ರಿ? ಅದಿರಲಿ, ಅಲ್ಲಿ ಆರಾಮ ಅದೀರಿಲ್ಲೊ?"

ಶಿವಯೋಗೆಪ್ಪ ತನ್ನ ಹಳೆಯ ಅಂಗಡಿಯ ಕಟ್ಟೆಯ ಧೂಳನ್ನು ಅಂಗೈಯಿಂದ ಒರೆಸಿದ.

"ವ್ಯಾಪಾರ ಚೊಲೋ ಐತಿ. ಸಂಜೀಕ ಕಟ್ಟಿಮ್ಯಾಲ ಕುಂತ್ರ ಯಾರೂ 'ಉಂಡೀರೇನ್ರಿ' ಅನ್ನೂದಿಲ್ಲ."

"ನಿಮ್ಮ ಅಂಗಡಿ ಇನ್ನೂ ಖಾಲೀನ ಐತಿ. ಟ್ಯಾಕ್ಸ್ ಕಟ್ಟಿದ್ರಾತು, ಬಂದ್ಬಿಡ್ರಿ."

"ಮನಿಯಾಕೀನ ಕೇಳತೇನಿ. ಆಕಿ ಹೂಂ ಅಂದ್ರ ದೀಪಾವಳಿಗೆ ನಾವಿಬ್ರೂ..." ಎನ್ನುತ್ತ, ಮಾತು ಮುಗಿಸದೆಯೇ ಅವನು ಜತ್ತಿನ ಮೋಟಾರಿನತ್ತ ನಡೆದುಬಿಟ್ಟ.