ಅಕ್ಕನಿಗೆಂದು ಬಚ್ಚಿಟ್ಟ ಉಂಡಿ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ಇನ್ನೂ ಲಂಗ ಎತ್ತಿ ಕಟ್ಟಿಕೊಂಡು ಊರೆಲ್ಲ ಓಡುವ ವಯಸ್ಸಿನಲ್ಲಿ, ಒಮ್ಮೆ ನಾಗರಪಂಚಮಿ ಹಬ್ಬದ ದಿನವೇ ಕಾಗಿಣಾ ಹೊಳೆ ತುಂಬಿ ಬಂತು. ನಮ್ಮೂರು ಸೇಡಂ ತಾಲೂಕಿನದು. ಊರಿನ ಹಿಂದೆ ಹೊಳೆ, ಮುಂದೆ ಹಳ್ಳ, ನಡುವೆ ದಿಬ್ಬದ ಮೇಲೆ ಮನೆಗಳು. ಬೇಸಿಗೆಯಲ್ಲಿ ಆ ಹಳ್ಳ ದಾಟುವಾಗ ನಾವು ಚಪ್ಪಲಿ ಕೂಡ ತೆಗೆಯುತ್ತಿರಲಿಲ್ಲ. ಅಷ್ಟು ಬಡಪಾಯಿ ಹಳ್ಳ ಅದು. ಅದೇ ಹಳ್ಳ ನಮ್ಮ ಅವ್ವನನ್ನು ಎರಡು ದಿನ ಅಳಿಸಿತು.

ಆ ವರ್ಷದ ಪಂಚಮಿ ನಮ್ಮ ಮನೆಗೆ ದೊಡ್ಡ ಹಬ್ಬ. ಅಕ್ಕನ ಮದುವೆಯಾದ ಮೇಲೆ ಅದೇ ಮೊದಲ ಪಂಚಮಿ. ನಮ್ಮ ಕಡೆ ಹೊಸದಾಗಿ ಮದುವೆಯಾದ ಮಗಳು ಪಂಚಮಿಗೆ ತಾನಾಗಿಯೇ ತವರಿಗೆ ಬರುವುದಿಲ್ಲ. ತವರಿನವರೇ ಹೋಗಿ ಕರೆತರಬೇಕು. ಅಕ್ಕನನ್ನು ಕೊಟ್ಟದ್ದು ಶಹಾಬಾದಿಗೆ. ಅಪ್ಪ ಹಿಂದಿನ ದಿನವೇ ಹೋಗಿದ್ದ. ಹಬ್ಬದ ದಿನ ಬೆಳಿಗ್ಗೆ ಅಕ್ಕನೊಡನೆ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರದ ಮೇಲೆ ಬಂದು ಇಳಿದು, ನಡೆದು, ಹಳ್ಳ ದಾಟಿ ಮಧ್ಯಾಹ್ನದ ಊಟಕ್ಕೆ ಮನೆ ಮುಟ್ಟಬೇಕಿತ್ತು. ಅಕ್ಕ ಬಸುರಿ ಎಂದು ದೊಡ್ಡವರು ಪಿಸುಗುಡುತ್ತಿದ್ದರು. ನನಗೆ ಯಾರೂ ಹೇಳಿರಲಿಲ್ಲ. ಆದರೆ ನನ್ನ ಕಿವಿಗೆ ಬೀಳದ ಗುಟ್ಟು ಆ ಮನೆಯಲ್ಲಿ ಇರಲಿಲ್ಲ ಬಿಡಿ.

ವಾರದಿಂದ ಮನೆಯೆಲ್ಲ ಹುರಿದ ಶೇಂಗಾ ಮತ್ತು ಬೆಲ್ಲದ ಪಾಕದ ವಾಸನೆ. ಶೇಂಗಾ ಉಂಡಿ, ಎಳ್ಳುಂಡಿ, ಪುಠಾಣಿ ಉಂಡಿ ಎಂದು ಅವ್ವ ಡಬ್ಬಿ ತುಂಬಿಸಿದ್ದಳು. ಪಂಚಮಿ ದಿನ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಹಂಚು ಕಾದರೆ ನಾಗಪ್ಪನ ಮೈ ಸುಡುತ್ತದೆ ಎನ್ನುತ್ತಿದ್ದಳು ಅಜ್ಜಿ. ಅದಕ್ಕೇ ಮೊದಲೇ ಜೋಳದ ಗರಿಗರಿ ಒಣ ಕಟಕ ರೊಟ್ಟಿ ಮಾಡಿ ಬುಟ್ಟಿಯಲ್ಲಿ ಒಟ್ಟಿಡುತ್ತಿದ್ದರು. ಮನೆ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಯಾಗಿತ್ತು. ಅಕ್ಕ ಬಂದು ಮೊದಲು ಕೂರಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ನಾನೇ ಕಾನೂನು ಮಾಡಿ, ನಾನೇ ನಾಲ್ಕು ಸಲ ಕದ್ದು ಜೀಕಿದ್ದೆ.

ಮೂರು ದಿನದಿಂದ ಮಳೆ ಹಿಡಿದಿತ್ತು. ಹಬ್ಬದ ಬೆಳಿಗ್ಗೆ ಹೆಂಗಸರು ಹುತ್ತಕ್ಕೆ ಹಾಲೆರೆಯಲು ಹೊಳೆ ಕಡೆ ಹೋದವರು ಬರಿಗಾಲಲ್ಲಿ ಓಡಿ ವಾಪಸು ಬಂದರು. ಹುತ್ತ ಇದ್ದ ಜಾಗದಲ್ಲಿ ನೀರು ತಿರುಗುತ್ತಿತ್ತು. ನಾನು ಹೋಗಿ ನೋಡಿದೆ. ಎರೆಮಣ್ಣು ಕರಗಿ ಕಪ್ಪಾದ ನೀರು. ಅದರ ಮೇಲೆ ಜೋಳದ ಕಣಿಕಿಯ ಹೊರೆ, ಯಾರದೋ ಮಂಚ, ಬೇರುಸಹಿತ ಕಿತ್ತು ಬಂದ ಜಾಲಿಯ ಮರ. ಹೊಳೆ ಉಕ್ಕಿದ್ದಕ್ಕೆ ಹಳ್ಳದ ನೀರಿಗೂ ಹೋಗಲು ಹಾದಿ ಇಲ್ಲದೆ ಅದೂ ಹಿಂದಕ್ಕೆ ಏರಿ ನಿಂತಿತ್ತು. ಅಪ್ಪ ಅಕ್ಕ ದಾಟಿ ಬರಬೇಕಾದ ಹಳ್ಳ ಅದು.

ಪಕ್ಕದ ಮನೆಯ ಚಾಚಾ ನೀರಿನ ಅಂಚಿಗೆ ಒಂದು ಕಲ್ಲು ಇಟ್ಟ. ಅದು ಮುಳುಗಿದರೆ ಅದಕ್ಕಿಂತ ಮೇಲೆ ಇನ್ನೊಂದು. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ನಮ್ಮೂರಲ್ಲಿ ಇದ್ದ ಉಪಾಯ ಅದೊಂದೇ. ನಾನು ಗುಡಿಯ ಕಟ್ಟೆಯ ಮೇಲೆ ಕುಳಿತು ಕಲ್ಲುಗಳನ್ನೇ ನೋಡುತ್ತಿದ್ದೆ. ಮಧ್ಯಾಹ್ನದೊಳಗೆ ನಾಲ್ಕು ಕಲ್ಲು ಮುಳುಗಿದವು.

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಚಿಂಚೋಳಿ ಕಡೆಯಿಂದ ಬಂದ ಬಸ್ಸು. ಹೊಳೆಯ ಸಣ್ಣ ಸೇತುವೆ ದಾಟಿ ಬಂದಿತ್ತು, ಮುಂದೆ ಹಳ್ಳ ನೋಡಿ ನಿಂತಿತು. ತಿರುಗಿಸಿಕೊಂಡು ಹೋಗುವಷ್ಟರಲ್ಲಿ ಹಿಂದಿನ ಸೇತುವೆಯೂ ಮುಳುಗಿತ್ತು. ಒಳಗಿದ್ದವರಲ್ಲಿ ಹೆಚ್ಚಿನವರು ಪಂಚಮಿಗೆ ತವರಿಗೆ ಹೊರಟ ಹೆಣ್ಣುಮಕ್ಕಳು. ಹೊಸ ಸೀರೆ, ಕೈತುಂಬ ಹಸಿರು ಬಳೆ, ಕಂಕುಳಲ್ಲಿ ಕೂಸು. ಮಳೆಯಲ್ಲಿ ನಡುಗುತ್ತ ಇಳಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತರು.

ಚಾಚಾ ದಿಬ್ಬದಿಂದಲೇ ಕೂಗಿದ: “ಬರ್ರಿ, ಮ್ಯಾಲ ಬರ್ರಿ! ಯಾರೂ ಅಂಜಬ್ಯಾಡ್ರಿ. ನಮ್ಮೂರು ಎತ್ತರದಾಗ ಅದ.”

ಕೆಲವರನ್ನು ಶಾಲೆಯಲ್ಲಿ ಕೂರಿಸಿದರು, ಕೆಲವರನ್ನು ಮಸೀದಿಯ ಪಡಸಾಲೆಯಲ್ಲಿ. ಕೂಸು ಇದ್ದವರನ್ನು ಮನೆಮನೆಗೆ ಕರೆದೊಯ್ದರು. ಯಾವ ಊರು, ಯಾವ ಮಂದಿ ಎಂದು ಯಾರೂ ಕೇಳಲಿಲ್ಲ. ಅವ್ವ ಮನೆಯಲ್ಲಿದ್ದ ಮಣ್ಣಿನ ನಾಗಪ್ಪನಿಗೆ ಗಡಬಡಿಸಿ ಹಾಲೆರೆದು, ಕಟಕ ರೊಟ್ಟಿಯ ಬುಟ್ಟಿಯನ್ನೂ ಉಂಡಿಯ ಡಬ್ಬಿಗಳನ್ನೂ ಹೊರಗೆ ತಂದಿಟ್ಟಳು.

ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಅಕ್ಕನ ಉಂಡಿ ಅವು! ಅಕ್ಕ ಇನ್ನೂ ನೋಡಿಯೇ ಇಲ್ಲ. ನಾನು ಅವ್ವನ ಸೆರಗು ಹಿಡಿದು ಗೊಣಗಿದೆ. ಅವ್ವ ಗದರಲಿಲ್ಲ. ಅವಳ ಕಣ್ಣು ಹಳ್ಳದ ಕಡೆಗೇ ಇತ್ತು.

“ನಿಮ್ಮಪ್ಪ, ನಿಮ್ಮಕ್ಕ ಆಚಿ ದಂಡಿಗೆ ಹಿಂಗ ಸಿಕ್ಕೊಂಡಿರ್ತಾರ. ನಾವು ಇಲ್ಲಿ ಇವರಿಗೆ ಕೊಟ್ಟರ ಅಲ್ಲಿ ಅವರಿಗೆ ಯಾರರ ಕೊಡ್ತಾರ. ಹೋಗು, ಎಲ್ಲಾರಿಗೂ ಒಂದೊಂದು ಕೊಟ್ಟು ಬಾ,” ಅಂದಳು.

ನಾನು ಉಂಡಿ ತುಂಬಿದ ಪುಟ್ಟಿ ಹೊತ್ತುಕೊಂಡು ಶಾಲೆಗೆ ಹೊರಟೆ. ಆದರೆ ಹೊರಡುವ ಮೊದಲು ಒಂದು ಕೆಲಸ ಮಾಡಿದೆ. ಐದು ಶೇಂಗಾ ಉಂಡಿ ತೆಗೆದು ಅರಿವೆಯಲ್ಲಿ ಕಟ್ಟಿ ಜೋಳ ತುಂಬಿಡುವ ಗುಮ್ಮಿಯಲ್ಲಿ ಮೊಳಕೈವರೆಗೆ ಕೈ ತೂರಿಸಿ ಬಚ್ಚಿಟ್ಟೆ. ಅಕ್ಕನಿಗೆ ಬೇಕಲ್ಲ!

ಶಾಲೆಯಲ್ಲಿ ಒದ್ದೆ ಬಟ್ಟೆಯ, ಬೀಡಿಯ, ಕೂಸಿನ ಹಾಲಿನ ವಾಸನೆ ಎಲ್ಲ ಒಂದಾಗಿತ್ತು. ಹಂಚುತ್ತ ಹೋದೆ. ಕೊನೆಯ ಮೂಲೆಗೆ ಬರುವಷ್ಟರಲ್ಲಿ ಪುಟ್ಟಿ ಖಾಲಿ. ಅಲ್ಲಿ ನನ್ನ ವಯಸ್ಸಿನ ಒಬ್ಬ ಹುಡುಗಿ ತಾಯಿಯ ಪಕ್ಕ ಕುಳಿತಿದ್ದಳು. ಚಿಮ್ಮನಚೋಡದ ಕಡೆಯವರು. ಅವಳ ಎರಡೂ ಕೈ ಆಗಲೇ ಮುಂದೆ ಬಂದಿದ್ದವು.

“ನಂಗ?” ಅಂದಳು.

“ಮುಗದಾವ,” ಅಂದೆ.

“ಮನ್ಯಾಗೂ ಇಲ್ಲೇನು?”

“ಇಲ್ಲ.”

“ಇರ್ಲಿ ಬಿಡು,” ಎಂದು ಆ ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅತ್ತಿದ್ದರೂ, ಜಗಳ ತೆಗೆದಿದ್ದರೂ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಬಂದಾಗ ಅವ್ವನ ಮಾತು ನೆನಪಾಯಿತು. ಇಲ್ಲಿ ಕೊಟ್ಟರೆ ಅಲ್ಲಿ ಸಿಗುತ್ತದೆ. ಹಾಗಾದರೆ ಇಲ್ಲಿ ಇಲ್ಲ ಅಂದರೆ? ಅಯ್ಯೋ ದೇವರೇ! ಆಚೆ ದಂಡೆಯಲ್ಲಿ ಯಾರೋ ಅಕ್ಕನಿಗೆ ‘ಇಲ್ಲ’ ಅನ್ನುವುದು ನನ್ನ ಕಿವಿಗೇ ಕೇಳಿಸಿದ ಹಾಗಾಯಿತು.

ಇಳಿಹೊತ್ತಿಗೆ ಊರಿನ ಕಟಕ ರೊಟ್ಟಿಯೆಲ್ಲ ಮುಗಿಯಿತು. ಜೋಳದ ಹಿಟ್ಟೇನೋ ಇತ್ತು, ಆದರೆ ಹಂಚು ಇಡುವಂತಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ಆಗ ಪಕ್ಕದ ಮನೆಯ ಖಾಲಾ, ಚಾಚಾನ ಹೆಂಡತಿ, ಗೋಡೆಯ ಮೇಲಿಂದ ಇಣುಕಿ ಅವ್ವನಿಗೆ ಹೇಳಿದಳು:

“ಅರೆ ತಂಗಿ, ನಾಗಪ್ಪಂದು ನಿಮ್ಮ ಒಲಿಗೆ ಮನಾಯಿ ಅದ, ನಮ್ಮ ಒಲಿಗೆ ಇಲ್ಲಲ್ಲ? ಹಿಟ್ಟು ತೊಗೊಂಡು ಬಾ. ನೀ ಬಡಿ, ನಾ ಬೇಯಸ್ತೀನಿ.”

ಅಜ್ಜಿ ಮೊದಲು ಮುಖ ಗಂಟು ಹಾಕಿಕೊಂಡಳು. ಆಮೇಲೆ ತಾನೇ ಹಿಟ್ಟಿನ ಡಬ್ಬಿ ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಹೊರಟಳು. ಖಾಲಾಳ ಅಂಗಳದ ಚಪ್ಪರದ ಕೆಳಗೆ ಮೂರು ಒಲೆ ಹೂಡಿದರು. ಹಸಿ ಕಟ್ಟಿಗೆಯ ಹೊಗೆಗೆ ಎಲ್ಲರ ಕಣ್ಣೂ ಕೆಂಪು. ನಮ್ಮ ಓಣಿಯ ಹೆಂಗಸರು ಸಾಲಾಗಿ ಕುಳಿತು ಪಟಪಟ ರೊಟ್ಟಿ ಬಡಿದರು, ಖಾಲಾ ಮತ್ತು ಅವಳ ಸೊಸೆಯಂದಿರು ಬೇಯಿಸಿದರು. ಹಂಚು ಮುಟ್ಟಿದ್ದು ಅವರೇ, ಆದ್ದರಿಂದ ನಾಗಪ್ಪನಿಗೂ ತಕರಾರು ಇರಲಿಲ್ಲ. ಆ ಮುದ್ದಾದ ಮೋಸ ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಆ ಹೊತ್ತಿನಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ. ನಡುವೆ ಯಾರೋ ಹಳ್ಳದಲ್ಲಿ ಕೆಂಪು ಬಟ್ಟೆ ತೇಲಿ ಬಂತು ಎಂದು ಕೂಗಿದರು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಓಡಿದಳು, ಹಿಂದೆ ಖಾಲಾ, ಅವಳ ಹಿಂದೆ ನಾನು. ಅಪ್ಪ ಹಠಮಾರಿ. ಹಬ್ಬ ತಪ್ಪಬಾರದು ಎಂದು ಅಕ್ಕನ ಕೈ ಹಿಡಿದು ನೀರಿಗೆ ಇಳಿದುಬಿಟ್ಟಿದ್ದರೆ? ಚಾಚಾ ಉದ್ದನೆಯ ಗಳದಿಂದ ಅದನ್ನು ದಂಡೆಗೆ ಎಳೆದ. ಸೀರೆಯಲ್ಲ, ಹಳೆಯ ಕೌದಿ. ಅವ್ವ ಅಲ್ಲೇ ಕೆಸರಿನಲ್ಲಿ ಕುಸಿದು ಕುಳಿತಳು. ಖಾಲಾ ಅವಳ ಬೆನ್ನು ಸವರುತ್ತಿದ್ದಳು. ನಾನು ಮಾತ್ರ ಇದೆಲ್ಲ ನನ್ನ ಐದು ಉಂಡಿಯಿಂದಲೇ ಆಗುತ್ತಿದೆ ಎಂದು ನಂಬಿಬಿಟ್ಟಿದ್ದೆ.

ಮರುದಿನ ಕೋಳಿ ಕೂಗುವ ಹೊತ್ತಿಗೇ ಎದ್ದು ಗುಮ್ಮಿಗೆ ಕೈ ಹಾಕಿದೆ. ಅರಿವೆಯ ಗಂಟು ತೆಗೆದುಕೊಂಡು ಒಂದೇ ಓಟ ಶಾಲೆಗೆ. ಆ ಹುಡುಗಿ ತಾಯಿಯ ಸೆರಗು ಹೊದ್ದು ಮಲಗಿದ್ದಳು. ಎಬ್ಬಿಸಿ ಐದನ್ನೂ ಅವಳ ಉಡಿಗೆ ಸುರಿದೆ. “ಇದ್ವು. ನಾ ಸುಳ್ಳು ಹೇಳಿದ್ದೆ,” ಅಂದೆ. ಆ ಹುಡುಗಿ ನಿದ್ದೆಗಣ್ಣಲ್ಲಿ ನನ್ನನ್ನು ನೋಡಿದಳು, ಒಂದನ್ನು ಬಾಯಿಗೆ ಹಾಕಿಕೊಂಡಳು, ಒಂದನ್ನು ನನ್ನ ಕೈಗಿಟ್ಟಳು. ನಾನು ಅದನ್ನೂ ಅವಳ ಉಡಿಗೇ ಹಾಕಿದೆ. ಬೇಗ ಬೇಗ ತಿನ್ನು ಎಂದು ಅವಳಿಗೇ ಅವಸರ ಮಾಡಿದೆ. ಅವಳು ತಿಂದರೆ ಅಲ್ಲಿ ಅಕ್ಕ ಉಂಡ ಹಾಗೆ, ನೋಡಿ!

ಅಂದು ಮಳೆ ನಿಂತಿತು. ಮುಳುಗಿದ್ದ ಕಲ್ಲುಗಳು ಒಂದೊಂದಾಗಿ ತಲೆ ಎತ್ತಿದವು. ಮಧ್ಯಾಹ್ನ ದಾಟಿದ ಮೇಲೆ ಹಳ್ಳ ಸೊಂಟದ ಮಟ್ಟಕ್ಕೆ ಇಳಿಯಿತು. ಚಾಚಾ ಮತ್ತು ನಾಲ್ಕು ಜನ ಹಗ್ಗ ಹಿಡಿದು ನೀರಿಗಿಳಿದರು. ಆಚೆ ದಂಡೆಯಲ್ಲಿ ಎರಡು ಆಕೃತಿ ಕಂಡವು. ಒಂದು ಅಪ್ಪನ ತಲೆಯ ಪಟಗಾ, ಇನ್ನೊಂದು ಅಕ್ಕನ ಹಸಿರು ಸೀರೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ನಾನು ಮಾತ್ರ ಕುಣಿಯುತ್ತಿದ್ದೆ.

ಅವರು ದಂಡೆಗೆ ಹತ್ತಿದ ಕೂಡಲೇ ನಾನು ಅಪ್ಪನ ಒದ್ದೆ ಧೋತರ ಹಿಡಿದು ಕೇಳಿದೆ: “ಅಪ್ಪಾ, ನಿಮಗ ಉಣ್ಣಾಕ ಯಾರು ಕೊಟ್ರು?”

ಅಪ್ಪ ಬಾಗಿ ಧೋತರದ ನೀರು ಹಿಂಡತೊಡಗಿದ. ಅಕ್ಕ ತಲೆ ತಗ್ಗಿಸಿದಳು. “ಯಾರೂ ಕೊಟ್ಟಿಲ್ಲ, ಮಗಳ,” ಅಂದ.

ಹಳ್ಳದ ಆಚೆ, ಜಾಲಿಗಿಡಗಳ ಮರೆಯಲ್ಲಿದ್ದ ಒಂದು ಖಾಲಿ ಚಪ್ಪರದ ಕೆಳಗೆ ಅವರು ಅರ್ಧ ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು ಕುಳಿತಿದ್ದರು. ಬೀಗರು ಕಟ್ಟಿಕೊಟ್ಟಿದ್ದ ಎರಡು ರೊಟ್ಟಿಯನ್ನು ಅಪ್ಪ ಅಕ್ಕನಿಗೇ ತಿನ್ನಿಸಿದ್ದ. ತಾನು ಮಳೆನೀರು ಕುಡಿದಿದ್ದ. ಹತ್ತಿರದ ಊರಿನವರು ನೀರು ನೋಡಲು ಬರುತ್ತಿದ್ದರು, ಹೋಗುತ್ತಿದ್ದರು. ಅಷ್ಟೇ.

ನನಗೆ ಸಿಟ್ಟು ಉಕ್ಕಿ ಬಂತು. “ನಾ ಕೊಟ್ಟೀನಲ್ಲ! ಅಕ್ಕನ ಉಂಡಿ ಸೈತ ಕೊಟ್ಟೀನಿ! ಅವ್ವ ಸುಳ್ಳು ಹೇಳ್ಯಾಳ!” ಎಂದು ಗೋಳೋ ಎಂದು ಅತ್ತೆ. ಬಚ್ಚಿಟ್ಟದ್ದನ್ನೂ, ಸುಳ್ಳು ಹೇಳಿದ್ದನ್ನೂ ಅಳುತ್ತಲೇ ಒದರಿಬಿಟ್ಟೆ. ಅವ್ವನ ಮುಖ ಬಾಡಿಹೋಯಿತು. ಊರಿಗೆಲ್ಲ ರೊಟ್ಟಿ ಬಡಿದ ಕೈ ಅವಳದು, ಅವಳ ಬಸುರಿ ಮಗಳಿಗೆ ಒಂದು ಚೂರು ಕೊಡುವವರು ಇರಲಿಲ್ಲ. “ಎಂಥಾ ಮಂದಿ ಇದ್ದಾರು ಅವರು! ಅವರಿಗೆ ಮಕ್ಕಳಿಲ್ಲೇನು?” ಎಂದು ಅವ್ವ ನೆಲಕ್ಕೆ ಕೈ ಬಡಿದಳು.

“ಕೆಟ್ಟ ಮಂದಿ ಅಲ್ಲ ಬಿಡು,” ಅಂದ ಅಪ್ಪ. “ಇವರಿಗೆ ಮತ್ಯಾರೋ ಕೊಟ್ಟಿರಬೇಕು ಅಂತ ಎಲ್ಲಾರೂ ತಿಳಕೊಂಡ್ರು. ನಾನೂ ಬಾಯಿ ಬಿಟ್ಟು ಕೇಳಲಿಲ್ಲ. ಭಾಳ ನಾಚಿಕಿ ಆತು. ‘ಉಂಡ್ರೇನ್ರಿ?’ ಅಂತ ಒಬ್ಬರರ ಕೇಳಿದ್ದರ ಸಾಕಿತ್ತು.”

ಖಾಲಾ ಅಕ್ಕನನ್ನು ತಬ್ಬಿ ತನ್ನ ಮನೆಗೆ ಕರೆದೊಯ್ದು ಬಿಸಿ ರೊಟ್ಟಿ, ಬೇಳೆ ಮುಂದಿಟ್ಟಳು. ಅಪ್ಪನಿಗೂ ತಟ್ಟೆ ಹಾಕಿದಳು. ಅಪ್ಪ ಕೂರಲಿಲ್ಲ. ಕಾಲಿಗೆ ಇನ್ನೂ ಕೆಸರು ಮೆತ್ತಿತ್ತು. “ಬಸ್ಸಿನ ಮಂದಿ ಸಾಲ್ಯಾಗ ಇದ್ದಾರಲ್ಲ?” ಎಂದು ಕೇಳಿ ಹಾಗೆಯೇ ಹೊರಟ. ನಾನೂ ಹಿಂದೆ ಓಡಿದೆ. ಎರಡು ದಿನ ಉಪವಾಸವಿದ್ದ ಮನುಷ್ಯ ಶಾಲೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳುತ್ತ ಹೋದ: “ಉಂಡ್ರೇನ್ರಿ? ನಿಮ್ದು ಆತೇನ್ರಿ?” ಮೂಲೆಯಲ್ಲಿ ಒಬ್ಬ ಮುದುಕ ಗೋಡೆಗೆ ಮುಖ ಮಾಡಿ ಮಲಗಿದ್ದ. ಹಿಂದಿನ ದಿನದಿಂದ ಅವನು ಏನೂ ತಿಂದಿಲ್ಲ ಎಂದು ಗೊತ್ತಾದದ್ದು ಅಪ್ಪ ಕೇಳಿದ ಮೇಲೆಯೇ. ಎಲ್ಲರಿಗೂ ಹಂಚಿದ್ದೇವೆ ಎಂದುಕೊಂಡಿದ್ದೆವು ನಾವು. ಅವನಿಗೆ ಹಲ್ಲಿರಲಿಲ್ಲ, ಕಟಕ ರೊಟ್ಟಿಯನ್ನಾಗಲಿ ಆರಿ ಬಿರುಸಾದ ರೊಟ್ಟಿಯನ್ನಾಗಲಿ ಕಡಿಯಲು ಬರುತ್ತಿರಲಿಲ್ಲ, ಹೇಳಲು ನಾಚಿಕೆ. ಅಪ್ಪ ಖಾಲಾಳ ಮನೆಯಿಂದ ಬಿಸಿ ರೊಟ್ಟಿ ತರಿಸಿ ಹಾಲಿನಲ್ಲಿ ಕಿವುಚಿ ಅವನಿಗೆ ಉಣಿಸಿ, ಆಮೇಲೆ ತಾನು ಊಟಕ್ಕೆ ಕುಳಿತ.

ಈಗ ನಿಮ್ಮ ಕಾಲ ಬೇರೆ. ನಮ್ಮ ಹಳ್ಳಕ್ಕೆ ಎತ್ತರದ ಸೇತುವೆ ಆಗಿದೆ. ಕಲ್ಲಿಟ್ಟು ನೀರು ಅಳೆಯುವವರು ಯಾರೂ ಇಲ್ಲ. ಯಾರು ಎಲ್ಲಿದ್ದಾರೆ ಎಂದು ಫೋನಿನಲ್ಲಿ ಚುಕ್ಕಿ ಓಡಾಡಿ ತೋರಿಸುತ್ತದೆ. ಕಳೆದ ಮಳೆಗಾಲದಲ್ಲಿ ನೀವು ಬರುತ್ತಿದ್ದ ರೈಲು ಮಳೆಗೆ ವಾಡಿಯಲ್ಲಿ ತಾಸುಗಟ್ಟಲೆ ನಿಂತಾಗ ನೀವೇ ಫೋನು ಮಾಡಿ ಎಲ್ಲ ಹೇಳಿದಿರಿ. ನಾನು ಕೇಳಿದ್ದು ಒಂದೇ: “ಉಂಡ್ರೇನು?” ನೀವು ಕಿಸಕ್ಕನೆ ನಕ್ಕಿರಿ. ಚಪಾತಿ ಇದೆ, ಚಿಪ್ಸ್ ಇದೆ, ಅಜ್ಜಿಗೆ ಇದೊಂದೇ ಚಿಂತೆ ಅಂದಿರಿ.

“ನಿಮ್ಮ ಎದುರಿಗೆ ಕುಂತವರು ಉಂಡಾರೇನು?” ಎಂದೆ.

ಎಲ್ಲಿ ಸಿಟ್ಟಾದಿರೋ ಎಂದುಕೊಂಡೆ. ಆಮೇಲೆ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳ ದನಿ, ಫೋನಿನಿಂದ ದೂರ, ಯಾರಿಗೋ ಹೇಳುತ್ತಿದ್ದುದು ನನಗೆ ಇಲ್ಲಿಯವರೆಗೆ ಕೇಳಿಸಿತು: “ತಾತಾ, ನಿಮ್ಮದು ಊಟ ಆಯ್ತಾ?”