ಶಿನೋಬು ಕಗೆಯಾಮ ಮತ್ತು ಸೋಮವಾರದ ನಾಯಕರು

ಚೋಶಿ ಬಂದರಿನಿಂದ ಮೇಲಕ್ಕೆ ಹತ್ತುವ ದಾರಿಯಲ್ಲಿ, ಮೀನು ಮಾರುಕಟ್ಟೆಯ ವಾಸನೆ ಇನ್ನೂ ಬೆನ್ನು ಬಿಡದಷ್ಟು ದೂರದಲ್ಲಿ, ಶಿನೋಬು ಕಗೆಯಾಮಳ ಕೇಶಾಲಂಕಾರದ ಅಂಗಡಿಯಿದೆ. ಎರಡು ಕುರ್ಚಿ, ಒಂದು ತಲೆ ತೊಳೆಯುವ ಬೇಸಿನ್, ಗೋಡೆಗೆ ತೂಗುಹಾಕಿದ ಟಿವಿ. ಮಂಗಳವಾರ ರಜೆ. ಹಾಗಾಗಿ ಸೋಮವಾರ ಬಂದ ಧಾರಾವಾಹಿಯ ವಿಚಾರಣೆ ಬುಧವಾರ ಬೆಳಿಗ್ಗೆ ನಡೆಯುತ್ತದೆ. ನ್ಯಾಯಾಧೀಶೆ ಶಿನೋಬು, ಐವತ್ತೆಂಟರ ಹೆಂಗಸು, ಕೈಯಲ್ಲಿ ಕತ್ತರಿ. ವಕೀಲೆ ಸೆತ್ಸು ಅಜ್ಜಿ. ತೋಫು ಎಂಬ ಮೆತ್ತನೆಯ ಸೋಯಾ ಗಿಣ್ಣಿನ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ನಾಲಿಗೆಯೊಂದನ್ನೇ ಕೆಲಸಕ್ಕೆ ಹಚ್ಚಿದವಳು.

"ಮತ್ತೆ ಬಿದ್ಲು ನೋಡು," ಎಂದು ಅಜ್ಜಿ ಆ ಬುಧವಾರ ಆರಂಭಿಸಿದಳು. "ಹೋದ ವಾರ ಸೈಕಲ್ಲಿಂದ, ಈ ವಾರ ಕಚೇರಿ ಮೆಟ್ಟಿಲಿಂದ. ಆ ಹುಡುಗಿ ಕಾಲಲ್ಲಿ ಮೂಳೆ ಇದೆಯೋ ತೋಫು ಇದೆಯೋ?"

"ಅವಳು ಬೀಳದಿದ್ರೆ ಅವನು ಹಿಡ್ಕೊಳ್ಳೋದು ಯಾರನ್ನ ಅಜ್ಜಿ?"

"ಕಂಬಿ ಹಿಡ್ಕೊಳ್ಳಲಿ!"

ಶಿನೋಬುವಿನ ಸಿಟ್ಟು ಬೇರೆಯದರ ಮೇಲಿತ್ತು. "ಅದೇ ಹುಡುಗಿ ವಿಭಾಗದ ಮುಖ್ಯಸ್ಥೆಯಂತೆ. ಇಡೀ ಕಚೇರಿ ಅವಳನ್ನ ಕಂಡ್ರೆ ನಡುಗುತ್ತೆ. ಮನೆಗೆ ಬಂದ್ರೆ ಮಾತ್ರ ಹಳೇ ಪೈಜಾಮ, ಬಿಯರ್ ಡಬ್ಬ, ನೆಲದ ತುಂಬ ಬಟ್ಟೆ. ಕೆಲಸದಲ್ಲಿ ಚುರುಕಾಗಿರೋ ಹೆಂಗಸು ಮನೆ ಗುಡಿಸಿರಲೇಬಾರದಾ? ಬಡ್ತಿ ಸಿಕ್ಕ ದಿನಾನೇ ಅವಳಿಗೆ ಒಂಟಿತನ ಕಾಡಬೇಕಾ?"

"ತಾಳು, ಮುಂದಿನ ವಾರ ಜ್ವರ ಬರುತ್ತೆ. ಆ ಹೊಸ ಹುಡುಗ ಬಂದು ಗಂಜಿ ಕಾಯಿಸಿ ಕುಡಿಸ್ತಾನೆ. ಆಮೇಲೆ ಮೆತ್ತಗಾಗ್ತಾಳೆ."

"ಒಂದು ಬಟ್ಟಲು ಗಂಜಿಗಾ!"

ಮುಂದಿನ ವಾರ ಜ್ವರ ಬಂತು, ಗಂಜಿಯೂ ಬಂತು. ಬುಧವಾರ ಅಂಗಡಿ ತೆರೆದಾಗ ಶಿನೋಬುವಿನ ಕಣ್ಣು ಊದಿದ್ದವು. ಅಜ್ಜಿ ನೋಡಿಯೂ ನೋಡದವಳಂತೆ ಕೂತಳು. "ಬಣ್ಣದ ಔಷಧಿ ಘಾಟು ಅಜ್ಜಿ, ಕಣ್ಣಿಗೆ ಹೊಡೆದುಬಿಡ್ತು," ಎಂದು ಶಿನೋಬು ತಾನಾಗಿಯೇ ಹೇಳಿದಳು. ರಜಾದಿನದಲ್ಲಿ ಯಾರ ತಲೆಗೆ ಬಣ್ಣ ಹಚ್ಚಿದೆ ಎಂದು ಅಜ್ಜಿ ಕೇಳಲಿಲ್ಲ. ಅಷ್ಟು ದಯೆ ಅವಳಲ್ಲಿತ್ತು.

ಬೈಯುವುದೂ ಅಳುವುದೂ ಶಿನೋಬುವಿಗೆ ಇಂದಿನದಲ್ಲ. ಇಪ್ಪತ್ತರ ಹರೆಯದಲ್ಲಿ ಅವಳು ಟೋಕಿಯೋದ ಕಮೆಯಿದೊದಲ್ಲಿ ಕೂದಲಿನ ಕೆಲಸ ಕಲಿಯುತ್ತಿದ್ದಳು. ಆಗ ಸೋಮವಾರದ ಧಾರಾವಾಹಿಗಾಗಿ ಊರಿನ ಹುಡುಗಿಯರೆಲ್ಲ ಬೇಗ ಮನೆ ಸೇರುತ್ತಿದ್ದರು. ಮರುದಿನದಿಂದಲೇ ನಾಯಕಿಯ ತಲೆ ತಮಗೂ ಬೇಕೆಂದು ಪತ್ರಿಕೆಯ ಪುಟ ಹರಿದು ತರುತ್ತಿದ್ದರು. ಶಿನೋಬು ಅದೇ ತಲೆಯನ್ನು ಎಷ್ಟು ಜನಕ್ಕೆ ಮಾಡಿಕೊಟ್ಟಳೋ, ಕೊನೆಗೆ ತನಗೂ ಮಾಡಿಕೊಂಡಳು. ಹುಡುಗಿಯರು ಕ್ರಿಸ್ಮಸ್ ಕೇಕಿನ ಹಾಗೆ, ಇಪ್ಪತ್ತೈದು ದಾಟಿದರೆ ಅಂಗಡಿಯವನು ಬೆಲೆ ಇಳಿಸುತ್ತಾನೆ ಎಂದು ಗಂಡಸರು ಕಚೇರಿಗಳಲ್ಲಿ ನಗುತ್ತಿದ್ದ ಕಾಲ ಅದು. ಊರಿಂದ ಅಮ್ಮ ಫೋನು ಮಾಡಿದಾಗಲೆಲ್ಲ, "ಅಲ್ಲಿ ಕೇಕು ಹೇಗಿದೆ?" ಎಂದೇ ಕೇಳುತ್ತಿದ್ದಳು.

ಇಪ್ಪತ್ತೈದು ತುಂಬಿದ ಚಳಿಗಾಲದಲ್ಲಿ ಅವಳು ಹಿಡೆಟಕ ಎಂಬ ಗೆಳೆಯನೊಂದಿಗೆ ಜಗಳವಾಡಿ, ಎಲ್ಲ ಮುಗಿಯಿತೆಂದು ಊರಿನ ರೈಲು ಹತ್ತಿದಳು. ರೈಲು ಹೊರಟಿತು. ನೋಡಿದರೆ ಪ್ಲಾಟ್‌ಫಾರಂ ಮೇಲೆ ಹಿಡೆಟಕ ಓಡಿಬರುತ್ತಿದ್ದಾನೆ! ಟೈ ಹೆಗಲ ಮೇಲೆ ಹಾರಿದೆ, ಕಿಟಕಿಯ ಗಾಜಿನಾಚೆ ಏನೋ ಕೂಗುತ್ತಿದ್ದಾನೆ, ಕೇಳಿಸುತ್ತಿಲ್ಲ. ಧಾರಾವಾಹಿಯಲ್ಲಿ ಏನು ಕೂಗುತ್ತಾರೋ ಅದನ್ನೇ ಕೂಗಿರಬೇಕೆಂದು ಶಿನೋಬು ತಿಳಿದಳು. ನಡುದಾರಿಯ ಚಿಬಾ ನಿಲ್ದಾಣದಲ್ಲಿ ಇಳಿದು ಅಳುತ್ತಲೇ ವಾಪಸು ಬಂದಳು. ವಸಂತದಲ್ಲಿ ಮದುವೆಯಾಯಿತು. ಅಂಗಡಿಯ ಗೆಳತಿಯರೆಲ್ಲ ಆ ಓಟದ ಕಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಅತ್ತರು.

ಎಷ್ಟೋ ವರ್ಷದ ಮೇಲೆ ಒಂದು ದಿನ ಅವಳು ಕೇಳಿದಳು, "ಅವತ್ತು ಏನಂತ ಕೂಗಿದ್ರಿ?"

ಹಿಡೆಟಕ ಪತ್ರಿಕೆಯಿಂದ ತಲೆಯೆತ್ತದೆ ಹೇಳಿದ: "ಬೀಗದ ಕೈ. ನನ್ನ ರೂಮಿನ ಬೀಗದ ಕೈ ನಿನ್ನ ಚೀಲದಲ್ಲೇ ಇತ್ತಲ್ಲ."

ಅವನು ಕೆಟ್ಟವನೇನಲ್ಲ. ಸಂಜೆ ಬಂದು "ಊಟ" ಎನ್ನುತ್ತಿದ್ದ, ಆಮೇಲೆ "ಸ್ನಾನ" ಎನ್ನುತ್ತಿದ್ದ, ಕೊನೆಗೆ "ನಿದ್ದೆ" ಎನ್ನುತ್ತಿದ್ದ. ಮದುವೆಯಾದವಳಿಗೆ ಕತ್ತರಿ ಯಾಕೆ ಎಂದು ಕೆಲಸ ಬಿಡಿಸಿದ್ದ. ಧಾರಾವಾಹಿಗಳು ಮದುವೆಯ ಗಂಟೆ ಬಾರಿಸಿ ಮುಗಿದುಹೋಗುವುದರಿಂದ ಇನ್ನು ಮುಂದೆ ಏನು ಮಾಡಬೇಕೆಂದು ಶಿನೋಬುವಿಗೆ ಯಾರೂ ಕಲಿಸಿರಲಿಲ್ಲ. ಅವನಿಗೆ ಬೇರೆ ಹೆಂಗಸೂ ಇರಲಿಲ್ಲ. ಇದ್ದಿದ್ದರೆ ಅವಳ ಮುಖಕ್ಕೆ ಲೋಟದ ನೀರನ್ನಾದರೂ ಎರಚಬಹುದಿತ್ತು. ಅದನ್ನು ಟಿವಿ ನೋಡಿ ಚೆನ್ನಾಗಿಯೇ ಕಲಿತಿದ್ದಳು. ಒಂದು ದಿನ ಬೇರೆಯಾಗೋಣ ಎಂದಳು. ಅವನು "ಸರಿ" ಎಂದು ವಿಚ್ಛೇದನದ ಕಾಗದಕ್ಕೆ ಮುದ್ರೆಯೊತ್ತಿಕೊಟ್ಟು, ತನ್ನ ಕಾಲುಚೀಲ ಎಲ್ಲಿವೆ ಎಂದು ಕೇಳಿದ.

ಚೋಶಿಗೆ ಮರಳಿ ಬಂದ ಶಿನೋಬುವಿಗೆ ಗಂಡನನ್ನು ಬಿಡುವುದಕ್ಕಿಂತ ಮದುವೆಯಲ್ಲಿ ಬಂದ ಅವನ ಮನೆತನದ ಹೆಸರನ್ನು ಬಿಡುವುದೇ ಹೆಚ್ಚು ಕಷ್ಟವಾಯಿತು. ಬ್ಯಾಂಕು, ಆಸ್ಪತ್ರೆ, ಕೆಲಸದ ಪರವಾನಗಿ, ಎಲ್ಲ ಕಡೆ ನಿಂತು ತಾನು ಮತ್ತೆ ಕಗೆಯಾಮ ಎಂದು ಸಾರಬೇಕಾಯಿತು. ಕಡೆಗೆ ಅಂಗಡಿಯ ಮೇಲೆ "ಕಗೆಯಾಮ" ಎಂದು ದಪ್ಪಕ್ಷರದ ಬೋರ್ಡು ಏರಿದ ದಿನ, ರಸ್ತೆಯಾಚೆ ಹೋಗಿ ನಿಂತು, ಯಾರದೋ ಚಂದದ ಮಗುವನ್ನು ನೋಡುವಂತೆ ಅದನ್ನೇ ನೋಡಿದಳು.

ಇಂಥ ಅಂಗಡಿಗೆ ಉನಾಕಾಮಿ ಬಂದದ್ದು ಅವನ ಕ್ಷೌರಿಕ ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟುಹೋದದ್ದರಿಂದ. ಬೆಟ್ಟದ ಮೇಲೆ ಕೋಸು ಬೆಳೆಯುವವನು, ಅರವತ್ತು ದಾಟಿದ ವಿಧುರ. ಬಾಗಿಲಲ್ಲಿ ಟೋಪಿ ಹಿಡಿದು ನಿಂತು, ಹೆರಿಗೆ ಆಸ್ಪತ್ರೆಗೆ ದಾರಿ ತಪ್ಪಿ ಬಂದವನಂತೆ ಕೇಳಿದ: "ಇಲ್ಲಿ ಗಂಡಸರಿಗೂ... ಆಗುತ್ತಾ?"

"ತಲೆ ಅಂತ ಒಂದಿದ್ರೆ ಆಗುತ್ತೆ, ಬನ್ನಿ," ಎಂದಳು ಸೆತ್ಸು ಅಜ್ಜಿ.

ಅಂದು ಟಿವಿಯಲ್ಲಿ ಹಳೆಯ ಕಂತು ಮರುಪ್ರಸಾರವಾಗುತ್ತಿತ್ತು. ಮಳೆಯಲ್ಲಿ ನಾಯಕ ನಾಯಕಿಯ ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಹೋಗುತ್ತಿದ್ದ. ಉನಾಕಾಮಿ ಕನ್ನಡಿಯೊಳಗಿಂದಲೇ ಅದನ್ನು ನೋಡಿ, ಊರಿನವರೆಲ್ಲರಂತೆ ಶಿನೋಬುವನ್ನು ಗುರುಗಳೇ ಎನ್ನುವ ಹಾಗೆ ಕರೆದ. "ಸೆನ್ಸೆ, ಹೆಂಗಸರಿಗೆ ಇದೆಲ್ಲ ನಿಜವಾಗ್ಲೂ ಇಷ್ಟನಾ? ನನ್ನ ಹೆಂಡ್ತಿನೂ ಇದನ್ನ ಬಿಡದೆ ನೋಡ್ತಿದ್ಲು. ನಾನು ಪಕ್ಕದಲ್ಲೇ ಮಲಗಿಬಿಡ್ತಿದ್ದೆ."

ಶಿನೋಬುವಿನ ಬಾಯಲ್ಲಿ ಕ್ಲಿಪ್ಪುಗಳಿದ್ದವು. ಅವಳು ಅವನ್ನು ತೆಗೆಯುವುದರೊಳಗೆ ಅಜ್ಜಿ ಉತ್ತರಿಸಿಬಿಟ್ಟಳು: "ಬಾಯಲ್ಲಿ ಬೈತಾರೆ, ಮನಸಲ್ಲಿ ಕಾಯ್ತಾರೆ. ನಿಮ್ಮ ಸೆನ್ಸೆನೂ ಅಷ್ಟೇ."

ಹೊಲಕ್ಕೆ ಎಷ್ಟು ಸುಣ್ಣ ಹಾಕಬೇಕೆಂದು ಸಹಕಾರ ಸಂಘದವರು ಹೇಳಿದರೆ ಕೇಳುವಷ್ಟೇ ಗಂಭೀರವಾಗಿ ಉನಾಕಾಮಿ ಈ ಮಾತನ್ನು ಕೇಳಿಸಿಕೊಂಡ. ಅಲ್ಲಿಂದ ಅವನು ಕೂದಲು ಬೆಳೆಯುವುದಕ್ಕೂ ಕಾಯದೆ ಬರತೊಡಗಿದ. ಕತ್ತರಿಸಲು ಏನೂ ಸಿಗದೆ ಶಿನೋಬು ಕಿವಿಯ ಪಕ್ಕದ ಗಾಳಿಯನ್ನೇ ಕತ್ತರಿಸಿ ಕಳಿಸುತ್ತಿದ್ದಳು. ಬಂದಾಗಲೆಲ್ಲ ಒಂದು ಕೋಸು ತರುತ್ತಿದ್ದ. ಒಂದೇ ಎಂದರೂ ಅದು ಕೂಸಿನ ತಲೆಗಿಂತ ದೊಡ್ಡದು. ಶಿನೋಬುವಿನ ಅಡಿಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

ಫೆಬ್ರವರಿಯ ಒಂದು ಮಂಗಳವಾರ ಶಿನೋಬು ಮಾರುಕಟ್ಟೆಯಿಂದ ಮೀನಿನ ಚೀಲ ಹಿಡಿದು ಹೊರಬಂದಳು. ಇಷ್ಟು ವರ್ಷ ಕತ್ತರಿ ಆಡಿಸಿ ಅವಳ ಬಲಗೈ ಮಣಿಕಟ್ಟಿಗೆ ನೋವು ಹತ್ತಿತ್ತು. ಕೋಟಿನ ತೋಳಿನೊಳಗೆ ಪಟ್ಟಿ ಕಟ್ಟಿದ್ದಳು. ಹಿಂದಿನಿಂದ ಯಾರೋ ಧಾವಿಸಿ ಬಂದ ಸದ್ದಾಯಿತು. ಒಂದು ಮಾತಿಲ್ಲ ಕತೆಯಿಲ್ಲ, ಆ ಮಣಿಕಟ್ಟನ್ನೇ ಗಬಕ್ಕನೆ ಹಿಡಿದು ಎಳೆದರು.

ಶಿನೋಬು ಕಿರುಚಿದ ಕಿರುಚಿಗೆ ಕಡಲಹಕ್ಕಿಗಳು ಹಾರಿದವು. ಮೀನೆಲ್ಲ ರಸ್ತೆಯ ಪಾಲಾಯಿತು. ಮೀನು ಹೆಚ್ಚುತ್ತಿದ್ದ ಹೆಂಗಸರು ಚೂರಿ ಹಿಡಿದುಕೊಂಡೇ ಎದ್ದು ನಿಂತರು. ಉನಾಕಾಮಿ ತಕ್ಷಣ ಕೈಬಿಟ್ಟು, ಹಣೆ ಮೀನಿಗೆ ತಾಗುವಷ್ಟು ಬಾಗಿದ.

"ಕ್ಷಮಿಸಿ! ದಯವಿಟ್ಟು ಕ್ಷಮಿಸಿ ಸೆನ್ಸೆ! ಎಳ್ಕೊಂಡು ಹೋಗಬೇಕು ಅಂತ..."

"ಎಲ್ಲಿಗೆ?" ಅವಳು ಹಲ್ಲುಕಚ್ಚಿ ಕೇಳಿದಳು.

ಉನಾಕಾಮಿ ಬಾಗಿದಲ್ಲಿಯೇ ಯೋಚಿಸಿದ. "ಅದನ್ನ ತೋರಿಸ್ಲಿಲ್ಲ. ಅಷ್ಟೊತ್ತಿಗೆ ಜಾಹೀರಾತು ಬಂದುಬಿಡ್ತು."

ಶಿನೋಬುವಿಗೆ ನೋವಿನ ನಡುವೆಯೇ ನಗು ಉಕ್ಕಿತು. ನಕ್ಕರೆ ಕೈ ಅಲುಗಿ ಇನ್ನಷ್ಟು ನೋವು, ನೋವಿಗೆ ಇನ್ನಷ್ಟು ನಗು. ಅವನು ಅವಳನ್ನು ಕೋಸಿನ ಲಾರಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ದಾರಿಯಲ್ಲಿ ಅವಳು ಹೇಳಿದಳು, "ಟಿವಿಲಿ ಆ ಹುಡುಗಿ 'ಬಿಡಿ, ಬಿಡಿ' ಅಂತಾನೇ ಇದ್ಲು. ಅವನು ಬಿಡಲೇ ಇಲ್ಲ, ಮೇಲೆ ಸಂಗೀತ ಬೇರೆ. ನೀವು ನೋಡಿದ್ರೆ ನಾನು ಒಂದು ಸಲ ಕಿರುಚಿದ್ದಕ್ಕೇ ಬಿಟ್ರಿ. ನಾಯಕ ಆಗೋ ಯೋಗ್ಯತೆ ನಿಮಗಿಲ್ಲ."

"ಇಲ್ಲ," ಎಂದು ಅವನು ದುಃಖದಿಂದ ಒಪ್ಪಿಕೊಂಡ. ಅದು ಹೊಗಳಿಕೆಯೆಂದು ಅವನಿಗೆ ತಿಳಿಯಲೇ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ರಸ್ತೆಯನ್ನೇ ನೋಡುತ್ತ ಹೇಳಿದ, "ನಿಮ್ಮ ಜೊತೆ ಕೂತು ಒಂದು ಊಟ ಮಾಡ್ಬೇಕು ಅಂತ ಇತ್ತು. ಹೇಗೆ ಕೇಳೋದು ಅಂತ ಗೊತ್ತಾಗ್ಲಿಲ್ಲ."

"ಹೀಗೇ. ಈಗ ಕೇಳಿದ್ರಲ್ಲ."

ಒಂದು ತಿಂಗಳು ಕತ್ತರಿ ಮುಟ್ಟಬಾರದೆಂದು ವೈದ್ಯರು ಹೇಳಿದರು. ಅಂಗಡಿ ಮುಚ್ಚಿದರೂ ಸೆತ್ಸು ಅಜ್ಜಿ ದಿನವೂ ಬಂದು ತನ್ನ ಕುರ್ಚಿಯಲ್ಲಿ ಕೂರುತ್ತಿದ್ದಳು. "ನಾನು ತಮಾಷೆಗೆ ಹೇಳಿದ್ದು ಕಣೇ! ಕೋಸು ಬೆಳೆಯೋರಿಗೆ ತಮಾಷೆ ಅರ್ಥ ಆಗಲ್ಲ ಅಂತ ನನಗೇನು ಗೊತ್ತು?" ಉನಾಕಾಮಿಯೂ ಮಧ್ಯಾಹ್ನ ಪಾತ್ರೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ.

"ಗಂಜಿನಾ?" ಅಜ್ಜಿ ಆಸೆಯಿಂದ ಕತ್ತು ಚಾಚಿದಳು.

"ಕೋಸಿನ ಸಾರು."

"ಪರವಾಗಿಲ್ಲ. ಹತ್ತಿರ ಬಂದ್ರಿ."

ಒಂದು ದಿನ ಅಜ್ಜಿ ಹೊರಟುಹೋದ ಮೇಲೆ ಉನಾಕಾಮಿ ಶಿನೋಬುವಿನ ತಲೆಯತ್ತ ನೋಡಿದ. ಒಂದು ಕೈಯಲ್ಲಿ ತೊಳೆದುಕೊಳ್ಳಲಾಗದೆ ಕೂದಲು ಎಣ್ಣೆ ಎಣ್ಣೆಯಾಗಿ ಅಂಟಿಕೊಂಡಿತ್ತು. ಅವಳು ನಾಚಿ ಬಟ್ಟೆ ಸುತ್ತಿಕೊಳ್ಳಲು ಹೋದಳು. "ನಾನು ತೊಳೀಲಾ?" ಎಂದು ಅವನು ಕೇಳಿದ. ಅವಳು ಬೇಡವೆನ್ನಲು ಬಾಯಿ ತೆರೆದು, ಹೋಗಿ ಬೇಸಿನ್ನಿಗೆ ಕತ್ತು ಒರಗಿಸಿದಳು.

ಅವನು ಮೊದಲು ನೀರನ್ನು ತನ್ನ ಕೈಮೇಲೆ ಬಿಟ್ಟು ನೋಡಿಕೊಂಡ. ಎಲೆಯ ಸಂದಿಯಲ್ಲಿ ಅಡಗಿದ ಮಣ್ಣನ್ನು ಎಲೆ ಹರಿಯದಂತೆ ತೊಳೆದು ಅಭ್ಯಾಸವಿದ್ದ ಕೈ. ಕಿವಿಯ ಹಿಂದೆ, ಹಣೆಯಂಚಿನಲ್ಲಿ, ನಿಧಾನವಾಗಿ ಬೆರಳಾಡಿಸಿದ. ಆಮೇಲೆ, ಅವಳು ಗಿರಾಕಿಗಳನ್ನು ಕೇಳುವುದನ್ನು ಕೇಳಿ ಕೇಳಿ ಕಲಿತದ್ದನ್ನೇ ಕೇಳಿದ: "ಎಲ್ಲಾದ್ರೂ ತುರಿಕೆ ಇದೆಯಾ?"

ಇಡೀ ಬಂದರಿನ ಹೆಂಗಸರನ್ನು ಈ ಪ್ರಶ್ನೆ ಕೇಳಿದವಳು ಶಿನೋಬು. ಅವಳನ್ನು ಯಾರೂ ಕೇಳಿರಲಿಲ್ಲ.

"ಎಡಗಡೆ, ಸ್ವಲ್ಪ ಮೇಲೆ," ಎಂದಳು. ಕಣ್ಣು ತುಂಬಿತು. ಹಾಳಾದ ಬಣ್ಣದ ಔಷಧಿಯ ನೆಪ ಹೇಳಲು ಆಗ ಅಂಗಡಿಯಲ್ಲಿ ಸೀಸೆಯೊಂದೂ ತೆರೆದಿರಲಿಲ್ಲ. ಅವನು ಕೇಳಲೂ ಇಲ್ಲ, ಎಡಗಡೆ ಸ್ವಲ್ಪ ಮೇಲೆ ಕೆರೆದ.

ಕೈ ವಾಸಿಯಾಗಿ ಅಂಗಡಿ ತೆರೆದ ಮೇಲೂ ಊಟ ಜೊತೆಯಲ್ಲೇ ನಡೆಯಿತು. ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ, ಸುಟ್ಟ ಮೀನಿನ ಮುಳ್ಳು ಬಿಡಿಸುತ್ತ ಅವನು ಹೇಳಿದ, "ಮದುವೆ ಆಗೋಣ್ವಾ?"

ಶಿನೋಬು ಸುತ್ತ ನೋಡಿದಳು. ಹೊರಗೆ ನಿಚ್ಚಳ ಬಿಸಿಲು. ಪಕ್ಕದ ಮನೆಯಲ್ಲಿ ಯಾರೋ ಹಾಸಿಗೆ ಕೊಡವುತ್ತಿದ್ದರು. "ಇಷ್ಟೇನಾ?"

"ಇನ್ನೇನು ಬೇಕು?"

"ಮಳೆಯಾದ್ರೂ ಬರಬಹುದಿತ್ತು," ಎಂದಳು. ಇಷ್ಟು ವರ್ಷ ನಾಯಕರನ್ನೆಲ್ಲ ಬೈದವಳಿಗೆ ನಿಜವಾಗಿಯೂ ಒಂದಿಷ್ಟು ನಿರಾಶೆಯಾಗಿತ್ತು. ಅದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂದಿತ್ತು. ಆಮೇಲೆ ಗಂಭೀರಳಾದಳು. "ನೋಡಿ ಉನಾಕಾಮಿಯವರೇ, ಮದುವೆ ಅಂದ್ರೆ ಇಬ್ಬರಿಗೂ ಒಂದೇ ಮನೆತನದ ಹೆಸರು ಇರಬೇಕು ಅಂತ ಕಾನೂನು. ನಾನು ಮಾತ್ರ ಇನ್ನೊಂದು ಸಲ ಹೆಸರು ಬದಲಾಯಿಸಲ್ಲ."

ಅವನು ಬಾಯಲ್ಲಿದ್ದುದನ್ನು ಪೂರ್ತಿ ಅಗಿದು ನುಂಗಿದ. "ಸರಿ. ನಾನೇ ಕಗೆಯಾಮ ಆಗ್ತೀನಿ."

ಶಿನೋಬುವಿನ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು. ಯಾವ ಸೋಮವಾರವೂ ಯಾವ ನಾಯಕನೂ ಈ ಮಾತು ಆಡಿದ್ದನ್ನು ಅವಳು ಕೇಳಿರಲಿಲ್ಲ.

ವಾರ ಕಳೆಯುವುದರೊಳಗೆ ಉನಾಕಾಮಿಯ ಅಕ್ಕ ಏರುದಾರಿಯಲ್ಲಿ ಏದುಸಿರು ಬಿಡುತ್ತ ಅಂಗಡಿಗೆ ಬಂದಳು. "ಅಪ್ಪ, ತಾತ, ಮುತ್ತಾತ ಎಲ್ಲ ಉನಾಕಾಮಿ ಅಂತಾನೇ ಸಮಾಧಿ ಸೇರಿದ್ದಾರೆ. ಈ ವಯಸ್ಸಲ್ಲಿ ನಮ್ಮ ತಮ್ಮ ಕೂದಲಂಗಡಿ ಬೋರ್ಡಿಗೆ ಸೊಸೆಯಾಗಿ ಬರಬೇಕಾ?"

"ಕೂತ್ಕೊಳ್ಳಿ ಅಕ್ಕ, ಟೀ ಕುಡೀರಿ," ಎಂದಳು ಶಿನೋಬು. "ಹೆಸರು ಬಿಡೋ ಕಷ್ಟ ಏನು ಅಂತ ನನಗೆ ಗೊತ್ತು. ಅದನ್ನ ನಿಮ್ಮ ತಮ್ಮನ ಮೇಲೆ ಹೊರಿಸಲ್ಲ. ಈ ಊರಿಗೆ ಒಬ್ಬಳು ಕಗೆಯಾಮ ಸಾಕು. ಅವರು ಉನಾಕಾಮಿಯಾಗೇ ಇರ್ಲಿ, ಊಟಕ್ಕೆ ಮಾತ್ರ ಇಲ್ಲಿಗೆ ಬರ್ಲಿ."

ಅಕ್ಕನಿಗೆ ಇದೂ ಹಿಡಿಸಲಿಲ್ಲ, ಆದರೆ ಏನೆಂದು ಬೈಯಬೇಕೋ ತೋಚದೆ ಹಾಗೇ ತಲೆಗೆ ಸುರುಳಿ ಹಾಕಿಸಿಕೊಂಡು ಹೋದಳು. ಸೆತ್ಸು ಅಜ್ಜಿ ಮಾತ್ರ ಬಹಳ ದಿನ ಗೊಣಗಿದಳು. "ಮದುವೆ ಇಲ್ಲ, ಅಗಲಿಕೆ ಇಲ್ಲ, ಯಾರೂ ಓಡಲಿಲ್ಲ. ಇದನ್ನ ಟಿವಿಯಲ್ಲಿ ಹಾಕಿದ್ರೆ ಒಂದು ನರಪಿಳ್ಳೆ ನೋಡಲ್ಲ."

ಈಗ ಅವನು ವಾರದಲ್ಲಿ ನಾಲ್ಕಾರು ದಿನ ಬರುತ್ತಾನೆ, ಊಟ ಮಾಡಿ ಪಾತ್ರೆ ತೊಳೆದಿಟ್ಟು ಬೆಟ್ಟದ ಮನೆಗೆ ಹೋಗುತ್ತಾನೆ. ಸೋಮವಾರ ತಪ್ಪಿಸುವುದಿಲ್ಲ. ಧಾರಾವಾಹಿ ಆರಂಭವಾದರೆ ನಿದ್ದೆಯೂ ಮಾಡುವುದಿಲ್ಲ. ಕಳೆದ ಧಾರಾವಾಹಿಯ ಕೊನೆಯ ಕಂತಿನಲ್ಲಿ ನಾಯಕಿ ಬಿಳಿಯ ಉಡುಪು ತೊಟ್ಟು ಇಗರ್ಜಿಯ ಬಾಗಿಲಲ್ಲಿ ನಿಂತಾಗ, ಅವನು ಬಿಕ್ಕಿ ಬಿಕ್ಕಿ ಅತ್ತ. ಶಿನೋಬು ತುಟಿ ಕೊಂಕಿಸಿ ಟವೆಲ್ಲು ಚಾಚಿದಳು. ಮೂಗೊರೆಸಿಕೊಂಡು ಅವನು ಕೇಳಿದ, "ಮದುವೆ ಆದ್ಮೇಲೂ ಇವಳು ಕೆಲಸಕ್ಕೆ ಹೋಗ್ತಾಳೆ ತಾನೇ?"

ಶಿನೋಬು ತಿರುಗಿ ಅವನ ಮುಖ ನೋಡಿದಳು. ಉಳಿದಿದ್ದ ಮೀನಿನ ದೊಡ್ಡ ತುಂಡನ್ನು ಎತ್ತಿ ಅವನ ತಟ್ಟೆಗೆ ಹಾಕಿದಳು.